ಮರೆಯಾದ ಪ್ರಾಜೆಕ್ಟ್‌ಗಳು, ಹಳತಾದ ಉಪನ್ಯಾಸಗಳು, ಸಣ್ಣ ಓಪನ್ ಸೋರ್ಸ್ ಕೆಲಸಗಳು: ವೆಬ್ ಡೆವಲಪರ್ ತನ್ನ ವೃತ್ತಿಯನ್ನು ದಾಖಲಿಸುವುದು ಹೇಗೆ?

ಜಾಲಕರ್ಮಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷಕ್ಕೂ ಮೀರಿ ವೆಬ್ ಡೆವಲಪರ್ ಆಗಿ ದುಡಿಯುತ್ತಿದ್ದೇನೆ. ಜೆಕ್ವೆರಿ ಎಲ್ಲೆಡೆ ಇದ್ದ ಕಾಲದಲ್ಲಿ ವೃತ್ತಿಗೆ ಬಂದು, ಆ್ಯಂಗ್ಯುಲರ್‌ಜೆಎಸ್‌ನಲ್ಲಿ ಕೆಲವು ವರ್ಷ ಕಳೆದು, ಈಗ ಬಹುಮಟ್ಟಿಗೆ ರಿಯಾಕ್ಟ್ ಮತ್ತು ನೋಡ್‌ನಲ್ಲಿ ಬರೆಯುತ್ತೇನೆ (ಇವೆಲ್ಲ ತಾಣ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಉಪಕರಣಗಳು). ಇದುವರೆಗಿನ ಕೆಲಸವನ್ನೆಲ್ಲ ಒಂದೆಡೆ, ಓದುವವರಿಗೆ ಅರ್ಥವಾಗುವಂತೆ ದಾಖಲಿಸಬೇಕೆಂದು ಹೊರಟಾಗ ಮೂರು ತೊಡಕುಗಳು ಎದುರಾಗಿವೆ.

ಮೊದಲನೆಯದು ಪ್ರಾಜೆಕ್ಟ್‌ಗಳಿಗೆ ಸಂಬಂಧಿಸಿದ್ದು. ನಾನು ಹೆಚ್ಚು ಶ್ರಮಪಟ್ಟು ಕಟ್ಟಿದ ತಾಣಗಳಲ್ಲಿ ಹಲವು ಇಂದು ಅಸ್ತಿತ್ವದಲ್ಲೇ ಇಲ್ಲ. ಒಂದನ್ನು ಬೇರೊಂದು ತಂಡ ಪೂರ್ತಿಯಾಗಿ ಹೊಸದಾಗಿ ಬರೆದಿದೆ. ಇನ್ನೊಂದರ ಒಡೆತನದ ಸಂಸ್ಥೆಯೇ ಮುಚ್ಚಿದೆ. ಮೂರನೆಯದು ಲಾಗಿನ್ ಇಲ್ಲದೆ ಯಾರಿಗೂ ಕಾಣದ ಒಳಬಳಕೆಯ ವ್ಯವಸ್ಥೆಯಾಗಿದ್ದು, ಅದರ ಬಗ್ಗೆ ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ.

ಎರಡನೆಯದು ಉಪನ್ಯಾಸಗಳು. ಕೆಲವು ಸಣ್ಣ ಸಮಾವೇಶಗಳಲ್ಲಿ ಮಾತನಾಡಿದ್ದೇನೆ, ಆದರೆ ವಿಷಯಗಳು ಹಳತಾಗಿವೆ. ಆ್ಯಂಗ್ಯುಲರ್‌ಜೆಎಸ್‌ನ ಡೈಜೆಸ್ಟ್ ಸೈಕಲ್ (ದತ್ತಾಂಶದ ಬದಲಾವಣೆಯನ್ನು ಪರದೆಗೆ ತಲುಪಿಸುವ ಸುತ್ತು) ಕುರಿತು ಬಹಳ ಸಿದ್ಧತೆ ಮಾಡಿ ಕೊಟ್ಟ ಉಪನ್ಯಾಸವನ್ನು ಇಂದು ಯಾರಾದರೂ ಏಕೆ ನೋಡಬೇಕು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಮೂರನೆಯದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ಬದಲಾಯಿಸಬಹುದಾದ ಮುಕ್ತ ಕೋಡಿನ ಕೆಲಸ. ನನ್ನ ಹೆಸರಿನಲ್ಲಿ ಯಾವ ಪ್ರಸಿದ್ಧ ಲೈಬ್ರರಿಯೂ (ಇತರರು ಮರುಬಳಸುವ ಕೋಡಿನ ಕಟ್ಟು) ಇಲ್ಲ. ಬೇರೆಯವರ ಪ್ರಾಜೆಕ್ಟ್‌ಗಳಲ್ಲಿ ಬಗ್ ಸರಿಪಡಿಸಿದ್ದು, ದಸ್ತಾವೇಜು ತಿದ್ದಿದ್ದು, ಇಶ್ಯೂಗಳಿಗೆ (ಬಳಕೆದಾರರು ದಾಖಲಿಸುವ ದೋಷ, ಬೇಡಿಕೆಗಳಿಗೆ) ಉತ್ತರಿಸಿದ್ದು ಇವಿಷ್ಟೇ ಇವೆ.

ಎಲ್ಲವನ್ನೂ ಪಟ್ಟಿಯಾಗಿ ಬರೆದು ನೋಡಿದರೆ ಮಾಡಿದ ಕೆಲಸದ ತೂಕ ಅದರಲ್ಲಿ ಕಾಣುವುದಿಲ್ಲ. ಹಳೆಯದನ್ನು ಬಿಟ್ಟುಬಿಡಬೇಕೇ? ಇಂಥ ದಾಖಲೆಯನ್ನು ಓದುವವರು ನಿಜವಾಗಿ ಏನನ್ನು ಹುಡುಕುತ್ತಾರೆ? ನೇಮಕಾತಿಯಲ್ಲಿ ಕುಳಿತವರು, ಪ್ರಾಜೆಕ್ಟ್‌ಗಳನ್ನು ನಡೆಸುವವರು, ಸಮಾವೇಶಗಳಿಗೆ ಉಪನ್ಯಾಸಗಳನ್ನು ಆರಿಸುವವರು ದಯವಿಟ್ಟು ತಿಳಿಸಿ.

ಎರಡನೆಯ ಸುತ್ತು (ಉತ್ತರ)

ನಾನು ಅರ್ಜಿಗಳನ್ನು ಓದಿ, ಅಭ್ಯರ್ಥಿಗಳೊಂದಿಗೆ ತಾಂತ್ರಿಕ ಸಂದರ್ಶನ ನಡೆಸುವವನು. ಆದ್ದರಿಂದ ಪ್ರಾಜೆಕ್ಟ್‌ಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ತಾಣ ಇಂದಿಗೂ ತೆರೆಯುತ್ತದೆಯೇ ಎಂಬುದನ್ನು ಕೆಲಸದ ಅಳತೆಗೋಲು ಮಾಡಿಕೊಳ್ಳಬೇಡಿ. ನಮ್ಮ ಕ್ಷೇತ್ರದಲ್ಲಿ ಅಳಿಯುವುದು ಸಹಜ. ಒಂದು ಪೀಳಿಗೆಯ ಡೆವಲಪರ್‌ಗಳು ಫ್ಲ್ಯಾಶ್ ಎಂಬ ಅನಿಮೇಶನ್ ತಂತ್ರದಲ್ಲಿ ಕಟ್ಟಿದ ಕೆಲಸ 2020ರ ಕೊನೆಗೆ ಅಡೋಬಿ ಬೆಂಬಲ ನಿಲ್ಲಿಸಿದ ಮೇಲೆ ಬ್ರೌಸರ್‌ಗಳಲ್ಲಿ ತೆರೆಯದಂತಾಯಿತು. ಆ್ಯಂಗ್ಯುಲರ್‌ಜೆಎಸ್‌ಗೆ ಗೂಗಲ್ ಕೊಡುತ್ತಿದ್ದ ಬೆಂಬಲ 2021ರ ಡಿಸೆಂಬರ್‌ಗೆ ಮುಗಿಯಿತು. ಆ ಕೆಲಸಗಳನ್ನು ಮಾಡಿದವರ ವಿವೇಚನೆ ಅವುಗಳೊಂದಿಗೆ ಮುಗಿದುಹೋಗಲಿಲ್ಲ. ನಾನು ಹುಡುಕುವುದು ಆ ವಿವೇಚನೆಯ ಗುರುತನ್ನು: ಯಾವ ತೊಂದರೆ ಎದುರಿಗಿತ್ತು, ಯಾವ ಯಾವ ದಾರಿಗಳಿದ್ದವು, ಯಾವುದನ್ನು ಏಕೆ ಆರಿಸಿದಿರಿ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟಿರಿ.

ಒಂದು ಉದಾಹರಣೆ ಕೊಡುತ್ತೇನೆ. ಬಹುತೇಕ ಅರ್ಜಿಗಳಲ್ಲಿ "ಆನ್‌ಲೈನ್ ಮಾರಾಟದ ತಾಣ ನಿರ್ಮಿಸಿದೆ, ರಿಯಾಕ್ಟ್, ರಿಡಕ್ಸ್, ನೋಡ್, ಮಾಂಗೋಡಿಬಿ" ಎಂಬಂಥ ಸಾಲು ಇರುತ್ತದೆ. ಇದರಿಂದ ನನಗೆ ಉಪಕರಣಗಳ ಹೆಸರು ತಿಳಿಯುತ್ತದೆ, ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ. ಅದೇ ತಾಣದ ಬಗ್ಗೆ ಹೀಗೆ ಬರೆಯಬಹುದಿತ್ತು: "ಪಾವತಿಯ ಪುಟದಲ್ಲಿ ಬಟನ್ ಎರಡು ಬಾರಿ ಒತ್ತಿದರೆ ಎರಡು ಆರ್ಡರ್ ದಾಖಲಾಗುತ್ತಿತ್ತು. ಮೊದಲ ಒತ್ತಿಗೇ ಬಟನ್ ನಿಷ್ಕ್ರಿಯಗೊಳಿಸುವ ಉಪಾಯ ಸಾಲದಾಯಿತು, ಏಕೆಂದರೆ ನೆಟ್‌ವರ್ಕ್ ಕಡಿದಾಗ ಜನ ಪುಟವನ್ನೇ ಮತ್ತೆ ಲೋಡ್ ಮಾಡುತ್ತಿದ್ದರು. ಆದ್ದರಿಂದ ಪ್ರತಿ ಆರ್ಡರ್‌ಗೂ ಬ್ರೌಸರ್‌ನಲ್ಲಿಯೇ ವಿಶಿಷ್ಟ ಗುರುತು ಸೃಷ್ಟಿಸಿ ಉಳಿಸಿಟ್ಟು, ಅದೇ ಗುರುತಿನ ಎರಡನೆಯ ವಿನಂತಿ ಬಂದರೆ ಸರ್ವರ್ ಹೊಸ ಆರ್ಡರ್ ಮಾಡದೆ ಮೊದಲಿನ ಉತ್ತರವನ್ನೇ ಹಿಂದಿರುಗಿಸುವಂತೆ ಮಾಡಿದೆವು. ಸರ್ವರ್ ಭಾಗವನ್ನು ನಾನು ಬರೆದೆ." ಈ ತಾಣ ಇಂದು ಇಲ್ಲದಿದ್ದರೂ ನಡೆಯುತ್ತದೆ. ಇದನ್ನು ಓದಿದ ಕೂಡಲೇ ಆ ಗುರುತನ್ನು ಎಷ್ಟು ಕಾಲ ಉಳಿಸಿಕೊಂಡಿರಿ, ಎರಡು ವಿನಂತಿಗಳು ಒಂದೇ ಕ್ಷಣದಲ್ಲಿ ಬಂದರೆ ಏನಾಗುತ್ತಿತ್ತು ಎಂದು ಕೇಳಬೇಕೆನಿಸುತ್ತದೆ, ಸಂದರ್ಶನ ಅಲ್ಲಿಂದಲೇ ಆರಂಭವಾಗುತ್ತದೆ.

ಮೇಲಿನ ಬರಹದಲ್ಲಿ "ಮಾಡಿದೆವು" ಮತ್ತು "ನಾನು ಬರೆದೆ" ಎಂಬುವು ಬೇರೆ ಬೇರೆಯಾಗಿರುವುದನ್ನು ಗಮನಿಸಿ. ತಂಡದ ಕೆಲಸವನ್ನು ತಂಡದ್ದೆಂದೂ ತನ್ನ ಪಾಲನ್ನು ತನ್ನದೆಂದೂ ಬಿಡಿಸಿ ಹೇಳುವವರ ಮಾತಿನ ಮೇಲೆ ನಂಬಿಕೆ ಬೇಗ ಹುಟ್ಟುತ್ತದೆ. ಎಲ್ಲವನ್ನೂ "ನಾನು" ಎಂದು ಬರೆದವರನ್ನು ಎರಡು ಪ್ರಶ್ನೆ ಹೆಚ್ಚು ಕೇಳಬೇಕಾಗುತ್ತದೆ. ಎಲ್ಲವನ್ನೂ "ನಾವು" ಎಂದವರ ಪಾಲು ಎಷ್ಟೆಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

ಅಂಕಿಗಳ ಬಗ್ಗೆಯೂ ಒಂದು ಮಾತು. "ಪುಟದ ವೇಗ ದುಪ್ಪಟ್ಟಾಯಿತು" ಎಂದಷ್ಟೇ ಬರೆದರೆ ಅದಕ್ಕೆ ಬೆಲೆಯಿಲ್ಲ, ಹೇಗೆ ಅಳೆದಿರಿ ಎಂಬುದು ಬೇಕು. ನಿಮ್ಮದೇ ಗಣಕದಲ್ಲಿ ಲೈಟ್‌ಹೌಸ್ ಎಂಬ ಪುಟ ಪರೀಕ್ಷಿಸುವ ಉಪಕರಣ ಓಡಿಸಿದಾಗ ಸಿಕ್ಕ ಅಂಕವೂ ನಿಜವಾದ ಬಳಕೆದಾರರ ಫೋನ್‌ಗಳಿಂದ ಸಂಗ್ರಹವಾದ ಅಳತೆಯೂ ಒಂದೇ ಅಲ್ಲ. ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಎಂಬ ಮಾನದಂಡದ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿಗೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು. ಇದು ಸರಾಸರಿಯಲ್ಲಿ ಸಿಕ್ಕರೆ ಸಾಲದು, ನೂರು ಭೇಟಿಗಳಲ್ಲಿ ಎಪ್ಪತ್ತೈದಕ್ಕಾದರೂ ಸಿಗಬೇಕು. ಇಂಥ ಅಳತೆ ನಿಮ್ಮ ಬಳಿ ಇದ್ದರೆ ಖಂಡಿತ ಬರೆಯಿರಿ. ಇಲ್ಲದಿದ್ದರೆ ಅಂಕಿಯನ್ನು ಬಿಟ್ಟು ಏನು ಬದಲಾಯಿತೆಂದು ಮಾತಿನಲ್ಲಿ ಹೇಳಿದರೆ ಸಾಕು.

ಗೋಪ್ಯತೆಯ ವಿಷಯದಲ್ಲಿ ಮೊದಲು ಕರಾರನ್ನು ಓದಿ. ಕರಾರು ಅವಕಾಶ ಕೊಡುವಷ್ಟರ ಮಟ್ಟಿಗೆ, ಸಂಸ್ಥೆಯ ಹೆಸರು, ಪರದೆಯ ಚಿತ್ರ, ದತ್ತಾಂಶ, ವ್ಯವಹಾರದ ಅಂಕಿ ಯಾವುದನ್ನೂ ತಾರದೆ, ಎಲ್ಲಿಯಾದರೂ ಬರಬಹುದಾದ ತಾಂತ್ರಿಕ ತೊಂದರೆಯನ್ನಷ್ಟೇ ವಿವರಿಸಿ. ಅನುಮಾನವಿದ್ದರೆ ಹಿಂದಿನ ಸಂಸ್ಥೆಯವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕರಾರನ್ನು ಮುರಿದು ತನ್ನ ಕೌಶಲ ತೋರಿಸುವವರನ್ನು ನಾವು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ನಾಳೆ ನಮ್ಮ ಗುಟ್ಟಿಗೂ ಅದೇ ಗತಿ. ಸಾರ್ವಜನಿಕವಾಗಿದ್ದ ತಾಣಗಳ ಹಳೆಯ ರೂಪ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸಿಗುವ ಸಾಧ್ಯತೆಯಿದೆ. ಸಿಕ್ಕರೆ ಆ ದಿನಾಂಕದ ಕೊಂಡಿಯನ್ನೇ ಕೊಡಿ.

ವಿಲೀನ (ಉತ್ತರ)

ನಾನು ಮಧ್ಯಮ ಗಾತ್ರದ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಮೇಂಟೇನರ್‌ಗಳಲ್ಲಿ (ಕೋಡನ್ನು ನೋಡಿಕೊಳ್ಳುವವರಲ್ಲಿ) ಒಬ್ಬಳು. "ಇವಿಷ್ಟೇ ಇವೆ" ಎಂದು ನೀವು ಬರೆದ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಹೊಸ ಲೈಬ್ರರಿ ಬರೆದು ಪ್ರಕಟಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಇನ್ನೊಬ್ಬರು ಬರೆದ ಕೋಡನ್ನು ತಾಳ್ಮೆಯಿಂದ ಓದಿ, ಬಗ್ ಮತ್ತೆ ಮತ್ತೆ ಕಾಣಿಸಿಕೊಳ್ಳುವಂತೆ ಚಿಕ್ಕ ಉದಾಹರಣೆ ಕಟ್ಟಿ, ಅದಕ್ಕೊಂದು ಪರೀಕ್ಷೆ ಬರೆದು, ಆಮೇಲೆ ಸರಿಪಡಿಸುವವರು ಅಪರೂಪ.

ಈ ಕೆಲಸ ಎಷ್ಟು ಮುಖ್ಯವೆಂಬುದನ್ನು ವೆಬ್ ಜಗತ್ತು ಕಷ್ಟಪಟ್ಟು ಕಲಿತಿದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲುಗಳ ಪ್ಯಾಕೇಜನ್ನು ಅದರ ಕರ್ತೃ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದಾಗ, ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿಕೊಂಡಿದ್ದ, ಬೇಬೆಲ್‌ನಂಥ ದೊಡ್ಡ ಉಪಕರಣಗಳನ್ನೂ ಒಳಗೊಂಡ, ಅಸಂಖ್ಯ ಪ್ರಾಜೆಕ್ಟ್‌ಗಳ ಬಿಲ್ಡ್ (ಕೋಡನ್ನು ಬಳಕೆಗೆ ಸಿದ್ಧಗೊಳಿಸುವ ಕೆಲಸ) ನಿಂತುಹೋಯಿತು. 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಎಕ್ಸ್‌ಝಡ್ ಎಂಬ ದತ್ತಾಂಶ ಕುಗ್ಗಿಸುವ ಲೈಬ್ರರಿಯ ಪ್ರಕರಣ ಇನ್ನೂ ಗಂಭೀರವಾದದ್ದು. ದಣಿದಿದ್ದ ಒಬ್ಬನೇ ಮೇಂಟೇನರ್‌ಗೆ ನೆರವಾಗುವ ನೆಪದಲ್ಲಿ ಬಂದು, ವರ್ಷಗಳ ಕಾಲ ನಂಬಿಕೆ ಗಳಿಸಿದ ವ್ಯಕ್ತಿ ಲೈಬ್ರರಿಯೊಳಗೆ ಕಳ್ಳದಾರಿ ಇಟ್ಟಿದ್ದ. ಎಸ್‌ಎಸ್‌ಎಚ್ (ದೂರದ ಗಣಕಕ್ಕೆ ಸುರಕ್ಷಿತ ಪ್ರವೇಶ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿ, ಬೆನ್ನುಹತ್ತಿ ಹೋಗಿದ್ದರಿಂದ ಅದು ಸಿಕ್ಕಿಬಿತ್ತು. ಸಣ್ಣ ವಿಚಿತ್ರವನ್ನು ಬಿಡದೆ ಬೆನ್ನಟ್ಟುವ ಆ ಗುಣವೇ ಒಳ್ಳೆಯ ಬಗ್ ವರದಿಯ ಹಿಂದೆಯೂ ಇರುತ್ತದೆ, ಆದ್ದರಿಂದ ನಿಮ್ಮ ಇಶ್ಯೂ ಚರ್ಚೆಗಳನ್ನು ಮರೆಮಾಡಬೇಡಿ.

ಆದರೆ ಎಣಿಕೆಯನ್ನು ಮುಂದಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕೋಡ್ ಹಂಚುವ ಗಿಟ್‌ಹಬ್‌ನಲ್ಲಿ ದಿನದಿನದ ಕೆಲಸ ತೋರಿಸುವ ಹಸಿರು ಚೌಕಗಳಾಗಲಿ, ಪುಲ್ ರಿಕ್ವೆಸ್ಟ್‌ಗಳ (ಬದಲಾವಣೆ ಸೇರಿಸಿಕೊಳ್ಳುವಂತೆ ಕಳುಹಿಸುವ ಕೋರಿಕೆಗಳ) ಸಂಖ್ಯೆಯಾಗಲಿ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಓಪನ್ ಸೋರ್ಸ್ ಕೊಡುಗೆಗಳನ್ನು ಉತ್ತೇಜಿಸುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ 2020ರಲ್ಲಿ ಟೀ-ಶರ್ಟಿನ ಆಸೆಗೆ ರೀಡ್‌ಮಿ ಕಡತದಲ್ಲಿ ಒಂದು ಪದ ಸೇರಿಸಿ ಕಳುಹಿಸಿದ ಪುಲ್ ರಿಕ್ವೆಸ್ಟ್‌ಗಳು ಮೇಂಟೇನರ್‌ಗಳನ್ನು ಎಷ್ಟು ಕಂಗೆಡಿಸಿದವೆಂದರೆ, ಇಚ್ಛಿಸಿದ ಪ್ರಾಜೆಕ್ಟ್‌ಗಳು ಮಾತ್ರ ಪಾಲ್ಗೊಳ್ಳುವಂತೆ ಸಂಘಟಕರು ನಡುವೆಯೇ ನಿಯಮ ಬದಲಾಯಿಸಬೇಕಾಯಿತು.

ಎಲ್ಲವನ್ನೂ ಪಟ್ಟಿ ಮಾಡುವ ಬದಲು ನಿಮಗೆ ತೃಪ್ತಿ ಕೊಟ್ಟ ಎರಡು ಮೂರು ಪುಲ್ ರಿಕ್ವೆಸ್ಟ್‌ಗಳನ್ನು ಆರಿಸಿ, ಪ್ರತಿಯೊಂದರ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ. ನನಗೆ ಇಂದಿಗೂ ನೆನಪಿರುವ ಒಂದು ಪುಲ್ ರಿಕ್ವೆಸ್ಟ್ ಬಹಳ ಚಿಕ್ಕದು. ನಮ್ಮ ಡಯಲಾಗ್ ಪೆಟ್ಟಿಗೆಯನ್ನು ಎಸ್ಕೇಪ್ ಕೀಲಿಯಿಂದ ಮುಚ್ಚಿದಾಗ ಫೋಕಸ್ (ಕೀಲಿ ಒತ್ತಿದರೆ ಪ್ರತಿಕ್ರಿಯಿಸುವ ಜಾಗ) ಪುಟದ ಮೊದಲಿಗೆ ಹಾರುತ್ತಿತ್ತು. ಕೀಬೋರ್ಡ್ ಒಂದನ್ನೇ ಬಳಸುವವರು ತಾವಿದ್ದ ಜಾಗವನ್ನು ಕಳೆದುಕೊಂಡು, ಟ್ಯಾಬ್ ಒತ್ತುತ್ತಾ ಮೇಲಿನಿಂದ ಮತ್ತೆ ಬರಬೇಕಾಗಿತ್ತು. ಕಳುಹಿಸಿದವರು ಪೆಟ್ಟಿಗೆ ತೆರೆಯುವ ಮುನ್ನ ಫೋಕಸ್ ಎಲ್ಲಿತ್ತೆಂದು ನೆನಪಿಟ್ಟು, ಮುಚ್ಚುವಾಗ ಅಲ್ಲಿಗೇ ಹಿಂದಿರುಗಿಸಿದ್ದರು. ಪೆಟ್ಟಿಗೆಯನ್ನು ತೆರೆದ ಬಟನ್ ಅಷ್ಟರಲ್ಲಿ ಪುಟದಿಂದ ಅಳಿಸಿಹೋಗಿದ್ದರೆ ಏನು ಮಾಡಬೇಕೆಂಬುದನ್ನೂ ಯೋಚಿಸಿ ಅದಕ್ಕೊಂದು ಪರೀಕ್ಷೆ ಸೇರಿಸಿದ್ದರು. ಈಗ ಎಚ್‌ಟಿಎಂಎಲ್‌ನ ಡಯಲಾಗ್ ಎಲಿಮೆಂಟ್ ಫೋಕಸ್ ಹಿಂದಿರುಗಿಸುವ ಕೆಲಸವನ್ನು ತಾನೇ ಮಾಡುತ್ತದೆ, ಹಾಗಾಗಿ ಆ ಕೋಡ್ ಇಂದು ನಮ್ಮಲ್ಲಿಲ್ಲ. ಆ ಪರೀಕ್ಷೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ತಿರಸ್ಕೃತವಾದ ಪುಲ್ ರಿಕ್ವೆಸ್ಟ್ ಒಂದಿದ್ದರೆ, ಅದರಲ್ಲಿ ಒಳ್ಳೆಯ ಚರ್ಚೆ ನಡೆದಿದ್ದರೆ, ಅದನ್ನೂ ಸೇರಿಸಿ. ಭಿನ್ನಾಭಿಪ್ರಾಯ ಬಂದಾಗ ಒಬ್ಬರು ಹೇಗೆ ಬರೆಯುತ್ತಾರೆಂಬುದು ಅಲ್ಲಿಯೇ ಚೆನ್ನಾಗಿ ತಿಳಿಯುವುದು.

ಇನ್ನೊಂದು ವಿಷಯವನ್ನು ಯಾರೂ ಪ್ರಸ್ತಾಪಿಸುವುದಿಲ್ಲವಾದ್ದರಿಂದ ಹೇಳುತ್ತೇನೆ. ಹಲವು ಉದ್ಯೋಗ ಕರಾರುಗಳಲ್ಲಿ ನೌಕರರು ಬರೆದ ಕೋಡಿನ ಹಕ್ಕು ಸಂಸ್ಥೆಗೆ ಸೇರುತ್ತದೆಂಬ ಕಲಮು ಇರುತ್ತದೆ. ಬಿಡುವಿನ ವೇಳೆಯಲ್ಲಿ ಬರೆದದ್ದಕ್ಕೂ ಅದು ಅನ್ವಯಿಸುವ ಸಂದರ್ಭಗಳಿವೆ. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಬಳಕೆಯಲ್ಲಿರುವ "ಸೈನ್ಡ್-ಆಫ್-ಬೈ" ಸಾಲನ್ನು ಇಂದು ಅನೇಕ ಪ್ರಾಜೆಕ್ಟ್‌ಗಳು ಕೇಳುತ್ತವೆ. ಆ ಸಾಲು ಬರೆಯುವುದೆಂದರೆ ಈ ಕೋಡನ್ನು ಕೊಡುವ ಹಕ್ಕು ತನಗಿದೆ ಎಂದು ದೃಢೀಕರಿಸಿದಂತೆ. ಕೊಡುಗೆಗಳನ್ನು ಬಹಿರಂಗವಾಗಿ ದಾಖಲಿಸುವ ಮುನ್ನ ಆ ಹಕ್ಕು ನಿಜವಾಗಿ ಇತ್ತೆಂಬುದನ್ನು ಖಚಿತಪಡಿಸಿಕೊಳ್ಳಿ.

ಮುನ್ನೋಟ (ಉತ್ತರ)

ಉಪನ್ಯಾಸಗಳ ಬಗ್ಗೆ ಮಾತ್ರ ಹೇಳುತ್ತೇನೆ. ಸಮಾವೇಶಗಳಿಗೆ ಬರುವ ಪ್ರಸ್ತಾವಗಳನ್ನು ಓದಿ ಆರಿಸುವ ಸಮಿತಿಗಳಲ್ಲಿ ಇದ್ದೇನೆ.

ನೀವು ಡೈಜೆಸ್ಟ್ ಸೈಕಲ್ ಉಪನ್ಯಾಸವನ್ನು ಯಾರಾದರೂ ಏಕೆ ನೋಡಬೇಕು ಎಂದು ಕೇಳಿದ್ದೀರಿ, ಅದನ್ನೇ ಮೊದಲು ಇಡಿ ಎನ್ನುತ್ತೇನೆ. ದತ್ತಾಂಶ ಬದಲಾಯಿತೆಂದು ಪರದೆಗೆ ತಿಳಿಯುವುದು ಹೇಗೆ ಎಂಬುದೇ ಅದರ ತಿರುಳು. ಆ್ಯಂಗ್ಯುಲರ್‌ಜೆಎಸ್ ತಾನು ಗಮನಿಸುತ್ತಿದ್ದ ಪ್ರತಿಯೊಂದು ಮೌಲ್ಯವನ್ನೂ ಹಳೆಯದರೊಂದಿಗೆ ಹೋಲಿಸಿ, ಬದಲಾವಣೆ ನಿಲ್ಲುವವರೆಗೆ ಸುತ್ತು ಹಾಕುತ್ತಿತ್ತು. ಹತ್ತು ಸುತ್ತಿನಲ್ಲೂ ನಿಲ್ಲದಿದ್ದರೆ ದೋಷ ಎಸೆದು ಕೈಚೆಲ್ಲುತ್ತಿತ್ತು. ರಿಯಾಕ್ಟ್ ಅದೇ ಪ್ರಶ್ನೆಗೆ ಪರದೆಯ ಎರಡು ಚಿತ್ರಣಗಳನ್ನು ಹೋಲಿಸುವ ಉತ್ತರ ಕೊಟ್ಟಿತು. ಈಗ ಸಿಗ್ನಲ್ ಎಂಬ ತಂತ್ರಗಳು ಯಾವ ಮೌಲ್ಯ ಎಲ್ಲಿ ಬಳಕೆಯಾಗಿದೆಯೆಂದು ಮೊದಲೇ ಗುರುತಿಟ್ಟುಕೊಳ್ಳುವ ಬೇರೊಂದು ಉತ್ತರ ಕೊಡುತ್ತಿವೆ. ಈ ಮೂರನ್ನೂ ಕೈಯಾರೆ ಬಳಸಿದವರು ಮಾಡುವ ಹೋಲಿಕೆಗೆ ಬೆಲೆಯಿದೆ. ಹಳೆಯ ಉಪನ್ಯಾಸದ ಕೆಳಗೆ ದಿನಾಂಕ ಹಾಕಿ, ಅಂದಿನಿಂದ ಏನು ಬದಲಾಗಿದೆ, ಇಂದು ನೀವೇ ಕೊಟ್ಟರೆ ಏನನ್ನು ಬೇರೆಯಾಗಿ ಹೇಳುತ್ತೀರಿ ಎಂದು ಒಂದು ಪ್ಯಾರಾ ಸೇರಿಸಿ.

ಇದಕ್ಕೆ ನಮ್ಮ ಕ್ಷೇತ್ರದಲ್ಲಿ ಒಳ್ಳೆಯ ಮೇಲ್ಪಂಕ್ತಿ ಇದೆ. ರಯನ್ ಡಾಲ್ 2009ರಲ್ಲಿ ಜೆಎಸ್‌ಕಾನ್ಫ್ ಯುರೋಪ್‌ನಲ್ಲಿ ನೋಡ್ ಅನ್ನು ಪರಿಚಯಿಸಿದರು. 2018ರಲ್ಲಿ ಅದೇ ಸಮಾವೇಶಕ್ಕೆ ಮರಳಿ, ನೋಡ್‌ನ ವಿನ್ಯಾಸದಲ್ಲಿ ತಾವು ವಿಷಾದಿಸುವ ಸಂಗತಿಗಳನ್ನು ಒಂದೊಂದಾಗಿ ವಿವರಿಸಿ, ಡೀನೋ ಎಂಬ ಪರ್ಯಾಯವನ್ನು ಮುಂದಿಟ್ಟರು. ಎರಡನ್ನೂ ಜೊತೆಯಾಗಿ ನೋಡಿದಾಗ ಸಿಗುವ ತಿಳಿವಳಿಕೆ ಒಂದೇ ಒಂದನ್ನು ನೋಡಿದರೆ ಸಿಗುವುದಿಲ್ಲ. ಸಭೆಯ ಮೊದಲ ಪ್ರತಿಕ್ರಿಯೆಯನ್ನೂ ತೀರ್ಪೆಂದು ತಿಳಿಯಬೇಡಿ: 2013ರಲ್ಲಿ ಫೇಸ್‌ಬುಕ್ ರಿಯಾಕ್ಟ್ ಅನ್ನು ಬಹಿರಂಗಪಡಿಸಿದಾಗ, ಜಾವಾಸ್ಕ್ರಿಪ್ಟಿನೊಳಗೆ ಮಾರ್ಕಪ್ (ಎಚ್‌ಟಿಎಂಎಲ್‌ನಂಥ ಪುಟರಚನೆಯ ಗುರುತು) ಬೆರೆಸುವುದನ್ನು ಕಂಡ ಅನೇಕರು ಮುಖ ತಿರುಗಿಸಿದ್ದರು.

ಸಮಾವೇಶ ಚಿಕ್ಕದೆಂಬುದು ನಮಗೆ ಮುಖ್ಯವಲ್ಲ. ಸ್ಲೈಡ್‌ಗಳಷ್ಟೇ ಇದ್ದರೆ ಪ್ರಯೋಜನ ಕಡಿಮೆ, ಮಾತಿನ ಬರಹರೂಪವನ್ನು ಜೊತೆಗಿಟ್ಟರೆ ಬಹಳ ಒಳ್ಳೆಯದು. ವೀಡಿಯೊ ನೋಡಲು ಸಮಯವಿಲ್ಲದ ಸಮಿತಿಯವರೂ ಬರಹವನ್ನು ಓದುತ್ತಾರೆ, ಕಿವಿ ಕೇಳದವರಿಗೂ ಅದು ತಲುಪುತ್ತದೆ.

ಜಾಲಕರ್ಮಿ (ಪ್ರಶ್ನೆ ಕೇಳಿದವರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಉದ್ಯೋಗ ಕರಾರಿನ ಕಲಮಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ಮೊದಲು ನೋಡುತ್ತೇನೆ. ಗೋಪ್ಯತೆಯ ಕರಾರನ್ನು ಓದಿದ್ದೇನೆ, ಸಾಮಾನ್ಯ ತಾಂತ್ರಿಕ ವಿವರಣೆಗೆ ಅದರಲ್ಲಿ ಅಡ್ಡಿಯಿಲ್ಲ. ಒಳಬಳಕೆಯ ವ್ಯವಸ್ಥೆಯ ಬಗ್ಗೆ ನೀವು ಹೇಳಿದ ರೀತಿಯಲ್ಲಿ ಬರೆದಿರುವುದನ್ನು ಇಲ್ಲಿ ಇಡುತ್ತಿದ್ದೇನೆ:

"ಸಾವಿರಾರು ಸಾಲುಗಳ ಕೋಷ್ಟಕವನ್ನು ತೋರಿಸುವ ಪರದೆ. ಎಲ್ಲ ಸಾಲುಗಳನ್ನೂ ಒಮ್ಮೆಗೇ ಡಾಮ್‌ಗೆ (ಪುಟದ ರಚನೆಯನ್ನು ಬ್ರೌಸರ್ ಇಟ್ಟುಕೊಳ್ಳುವ ರೂಪಕ್ಕೆ) ಸೇರಿಸುತ್ತಿದ್ದುದರಿಂದ ಸ್ಕ್ರಾಲ್ ಮಾಡುವಾಗ ಪುಟ ತಡೆತಡೆದು ಸಾಗುತ್ತಿತ್ತು. ಪುಟಗಳಾಗಿ ಒಡೆಯುವ ಆಯ್ಕೆಯಿತ್ತು, ಆದರೆ ಬಳಕೆದಾರರು ದೂರದೂರದ ಸಾಲುಗಳನ್ನು ಹೋಲಿಸುತ್ತಿದ್ದರಿಂದ ಅದು ಅವರಿಗೆ ಒಗ್ಗಲಿಲ್ಲ. ಕಣ್ಣಿಗೆ ಕಾಣುವ ಸಾಲುಗಳನ್ನೂ ಅವುಗಳ ಮೇಲೆ ಕೆಳಗಿನ ಕೆಲವನ್ನೂ ಮಾತ್ರ ಡಾಮ್‌ನಲ್ಲಿಟ್ಟು, ಸ್ಕ್ರಾಲ್ ಆದಂತೆ ಬದಲಾಯಿಸುವ ವಿಧಾನವನ್ನು ಆರಿಸಿದೆವು. ಇದರಿಂದ ಬ್ರೌಸರ್‌ನ ಹುಡುಕಾಟ ಕಾಣದ ಸಾಲುಗಳನ್ನು ತಲುಪದಂತಾಯಿತು. ಅದಕ್ಕಾಗಿ ಕೋಷ್ಟಕಕ್ಕೇ ಪ್ರತ್ಯೇಕ ಹುಡುಕಾಟ ಬರೆದುಕೊಟ್ಟೆ."

ಇದು ಸಾಕೇ? ಈ ದಾಖಲೆಯನ್ನು ಸ್ವಂತ ತಾಣದಲ್ಲಿ ಇಡಬೇಕೇ, ಇಲ್ಲವೇ ಯಾವುದಾದರೂ ವೃತ್ತಿಪರ ಜಾಲತಾಣದ ಪ್ರೊಫೈಲ್ ಸಾಕೇ?

ಎರಡನೆಯ ಸುತ್ತು

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸ್ವಂತ ಡೊಮೇನ್‌ನಲ್ಲಿ, ಸರಳ ಎಚ್‌ಟಿಎಂಎಲ್‌ನಲ್ಲಿ ಇಡಿ. ಪ್ರೊಫೈಲ್‌ನಿಂದ ಅಲ್ಲಿಗೆ ಕೊಂಡಿ ಕೊಡಬಹುದು. ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಕಾಲದ ವೆಬ್ ಪುಟಗಳನ್ನು 2013ರಲ್ಲಿ ಅವುಗಳ ಮೂಲ ವಿಳಾಸಕ್ಕೆ ಮರಳಿ ತಂದಾಗ ಇಂದಿನ ಬ್ರೌಸರ್‌ಗಳು ಅವನ್ನು ಯಾವ ತೊಂದರೆಯೂ ಇಲ್ಲದೆ ತೋರಿಸಿದವು. ಅಷ್ಟು ಬಾಳಿಕೆಯ ಭರವಸೆಯನ್ನು ಯಾವ ಫ್ರೇಮ್‌ವರ್ಕ್ ಕೂಡ ಕೊಡಲಾರದು. ಪ್ರತಿ ಕೆಲಸಕ್ಕೂ ಬದಲಾಗದ ವಿಳಾಸ ಇರಲಿ, ವರ್ಷ ನಮೂದಾಗಿರಲಿ. ಮೌಸ್ ಮುಟ್ಟದೆ, ಕೀಬೋರ್ಡಿನಿಂದಲೇ ಇಡೀ ಪುಟವನ್ನು ಒಮ್ಮೆ ಸುತ್ತಿ ನೋಡಿ. ವೆಬ್ ಡೆವಲಪರ್ ಒಬ್ಬರ ಪುಟವನ್ನು ನಾನು ಹಾಗೆಯೇ ಪರೀಕ್ಷಿಸುತ್ತೇನೆ.

ನಿಮ್ಮ ಬರಹ ಚೆನ್ನಾಗಿದೆ. ಬಿಟ್ಟುಕೊಟ್ಟದ್ದನ್ನು ಹೇಳಿ, ಅದನ್ನು ತುಂಬಿಕೊಟ್ಟ ಬಗೆಯನ್ನೂ ಹೇಳಿದ್ದೀರಿ. ಒಂದು ಪ್ರಶ್ನೆ ಮಾತ್ರ ಉಳಿದಿದೆ, ಸಂದರ್ಶನದಲ್ಲಿ ನಾನು ಅದನ್ನೇ ಮೊದಲು ಕೇಳುತ್ತಿದ್ದೆ: ಡಾಮ್‌ನಲ್ಲಿ ಕೆಲವೇ ಸಾಲುಗಳಿರುವಾಗ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಕೋಷ್ಟಕದಲ್ಲಿ ಒಟ್ಟು ಎಷ್ಟು ಸಾಲುಗಳಿವೆ, ತಾವು ಎಷ್ಟನೆಯದರಲ್ಲಿದ್ದೇವೆ ಎಂಬುದು ಹೇಗೆ ತಿಳಿಯುತ್ತಿತ್ತು? ಅರಿಯಾ-ರೋಕೌಂಟ್ ಮತ್ತು ಅರಿಯಾ-ರೋಇಂಡೆಕ್ಸ್ ಎಂಬ ಎಚ್‌ಟಿಎಂಎಲ್ ಗುಣಲಕ್ಷಣಗಳು ಇರುವುದೇ ಇದಕ್ಕಾಗಿ. ನಿಮ್ಮ ತಂಡ ಅವುಗಳನ್ನು ಬಳಸಿದ್ದರೆ ಇನ್ನೊಂದು ವಾಕ್ಯ ಸೇರಿಸಿ. ಬಳಸಿರದಿದ್ದರೆ, ಇಂದು ಮಾಡುವುದಾದರೆ ಅವುಗಳನ್ನು ಸೇರಿಸುತ್ತಿದ್ದೆ ಎಂದು ಬರೆದರೂ ಆದೀತು.